ಬೆಳಿಗ್ಗೆ ಮುನ್ನೂರು, ಸಾಯಂಕಾಲ ಇನ್ನೂರೈವತ್ತು

2023ರ ಫೆಬ್ರವರಿಯಲ್ಲಿ ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅದರ ಬಿ.ಪಿ.ಟಿ. ಪದವಿ ಮುಗಿಸಿ ಹದಿನಾಲ್ಕು ವರ್ಷವಾಗಿತ್ತು. ಆ ಕೆಲಸಕ್ಕೆ ಸೇರಿ ಒಂಬತ್ತು. ಮನೆ ಬಂಗಾರಪೇಟೆಯಲ್ಲಿ. ದಿನವೂ ಸ್ಕೂಟರಿನಲ್ಲಿ ಓಡಾಟ. ಎಕ್ಸ್‌ರೇ ಕೋಣೆಯ ಹಿಂದೆ ನನ್ನದೊಂದು ಕೋಣೆ: ಎರಡು ಮಂಚ, ನೋವು ತಗ್ಗಿಸಲು ಸಣ್ಣ ವಿದ್ಯುತ್ ಹರಿಸುವ ಒಂದು ಯಂತ್ರ, ಹಿಡಿದು ನಡೆಯಲು ಜೋಡಿ ಕಂಬಿ, ಹತ್ತಿ ಇಳಿಯಲು ಎಂಟು ಇಂಚು ಎತ್ತರದ ಮರದ ಮೆಟ್ಟಿಲು. ಜನ ಅದನ್ನು ‘ಕರೆಂಟ್ ರೂಮು’ ಎನ್ನುತ್ತಿದ್ದರು. ಮೂಳೆ ಡಾಕ್ಟರು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಬರುತ್ತಿದ್ದರು. ಉಳಿದಂತೆ ನಾನು ಮತ್ತು ಅಟೆಂಡರ್ ಸೆಲ್ವಿ. ಕೋರಮಂಡಲ್‌ನ ಗಣಿ ಲೈನಿನಲ್ಲಿ, ಎಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಹುಟ್ಟಿ ಬೆಳೆದ ಸೆಲ್ವಿ ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆ ಆಡುತ್ತಿದ್ದಳು.

ಹೊಸಬರು ಬಂದರೆ ತುಂಬಿಸಲು ನಾನೇ ಒಂದು ಫಾರ್ಮು ತಯಾರಿಸಿದ್ದೆ. ಒಂದೇ ಪುಟ, ಇಪ್ಪತ್ತೆರಡು ಪ್ರಶ್ನೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಈಗ ಹೇಳಹೊರಟಿರುವ ಅನಾಹುತ ಶುರುವಾದದ್ದೇ ಆ ಫಾರ್ಮಿನಿಂದ.

ಆ ಸೋಮವಾರ ಬೆಳಿಗ್ಗೆ ಬಂದವರು ಮುನಿರತ್ನಮ್ಮ. ನಲವತ್ತೊಂದು ವರ್ಷ, ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿ. ಬಲಗಡೆ ತೊಡೆಸಂದಿಯಲ್ಲಿ ಮೂರು ತಿಂಗಳಿಂದ ನೋವು. ಡಾಕ್ಟರಿಗೆ ತೋರಿಸಿರಲಿಲ್ಲ. ಯಾರೋ ಹೇಳಿದರೆಂದು ನೇರವಾಗಿ ನನ್ನ ಕೋಣೆಗೇ ಬಂದಿದ್ದರು.

“ಕರೆಂಟು ಇಡ್ತೀರಂತಲ್ಲ ಮೇಡಂ, ಇಟ್ಬುಡಿ. ಹನ್ನೊಂದರ ಬಸ್ಸಿಗೆ ಓಗ್ಬೇಕು,” ಎಂದರು ಕೂರುವ ಮುಂಚೆಯೇ.

ಮೊದಲು ಫಾರ್ಮು ಎಂದೆ. ಉದ್ಯೋಗ ಕೇಳಿದಾಗ, “ಸಂಗದಾಗೆ ಸೆಕ್ರೆಟ್ರಿ, ಅನ್ನೊಂದು ವರ್ಸದಿಂದ,” ಎಂದರು. ಸಂಘ ಎಂದರೆ ಹೆಂಗಸರ ಸ್ವಸಹಾಯ ಸಂಘ ಎಂದು ನಾನು ತಿಳಿದುಕೊಂಡೆ. ಆಮೇಲೆ ಆಹಾರದ ಪ್ರಶ್ನೆಗಳು. ಮಾಂಸ ಇಲ್ಲ, ಮೊಟ್ಟೆ ಇಲ್ಲ. ರಾಗಿ ಮುದ್ದೆ ಎರಡು ಹೊತ್ತು.

“ಹಾಲು ತಗೊಳ್ತೀರಾ?” ಎಂದು ಕೇಳಿದೆ.

“ತಗೊಳ್ದೆ ಇರಕ್ಕಾಯ್ತದಾ ಮೇಡಂ? ಎರಡೊತ್ತೂ ತಗೊತೀನಿ.”

“ಎಷ್ಟು?”

“ಬೆಳಿಗ್ಗೆ ಮುನ್ನೂರು, ಸಾಯಂಕಾಲ ಇನ್ನೂರೈವತ್ತು. ಅಬ್ಬ ಗಿಬ್ಬ ಬಂದ್ರೆ ಒಸಿ ಕಮ್ಮಿ ಆಯ್ತದೆ.”

ಇಷ್ಟು ಕರಾರುವಾಕ್ಕಾಗಿ ಅಳತೆ ಹೇಳುವ ಪೇಷೆಂಟು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಖುಷಿಯಾಯಿತು. ಹಬ್ಬದ ದಿನ ಉಪವಾಸವಿರಬಹುದು ಎಂದುಕೊಂಡು ‘ಹಾಲು: ದಿನಕ್ಕೆ 550 ಮಿ.ಲೀ.’ ಎಂದು ಬರೆದೆ. ಪಕ್ಕದಲ್ಲಿ ಒಂದು ಟಿಕ್ ಹಾಕಿದೆ.

ನಡೆದು ತೋರಿಸಿ ಎಂದೆ. ಅವರು ಎರಡೂ ಕಡೆ ವಾಲುತ್ತ ಬಾತುಕೋಳಿಯ ಹಾಗೆ ನಡೆದರು. ನೆಲದಲ್ಲಿ ಕೂತು ಏಳಿ ಎಂದಾಗ ಮೊಣಕಾಲ ಮೇಲೆ ಕೈಯೂರಿ, ತಮ್ಮ ಮೈಯನ್ನು ತಾವೇ ಮೇಲಕ್ಕೆ ತಳ್ಳಿಕೊಂಡು ಎದ್ದರು. ಕಾಲೇಜಿನಲ್ಲಿ ಓದಿದ್ದು ಆ ಕ್ಷಣ ನೆನಪಾಗಿತ್ತು, ಇಲ್ಲವೆಂದು ಹೇಳಲಾರೆ. ಈ ನಡಿಗೆ, ಈ ಏಳುವ ರೀತಿ ಆಸ್ಟಿಯೋಮಲೇಶಿಯಾದಲ್ಲಿಯೂ ಕಾಣುತ್ತದೆ. ವಿಟಮಿನ್ ಡಿ, ಕ್ಯಾಲ್ಸಿಯಂ ಸಾಲದೆ ದೊಡ್ಡವರ ಮೂಳೆ ಮೆತ್ತಗಾಗುವ ಕಾಯಿಲೆ ಅದು. ಆದರೆ ಕಣ್ಣು ಫಾರ್ಮಿನ ಮೇಲೆ ಬಿತ್ತು. ಅರ್ಧ ಲೀಟರಿಗಿಂತ ಹೆಚ್ಚು ಹಾಲು, ಎರಡು ಹೊತ್ತು ರಾಗಿ. ಇವರ ಮೂಳೆಗೇನಾಗುತ್ತದೆ? ಎಕ್ಸ್‌ರೇ ಬೇಡವೆಂದು ನಾನೇ ತೀರ್ಮಾನಿಸಿ, ‘ಸೊಂಟದ ಸ್ನಾಯುಗಳ ದೌರ್ಬಲ್ಯ’ ಎಂದು ಬರೆದು, ಬಲ ಬರಿಸುವ ವ್ಯಾಯಾಮ ಶುರು ಮಾಡಿದೆ.

ಸೋಮವಾರ, ಮಂಗಳವಾರ ಮಲಗಿಸಿ ಕಾಲೆತ್ತಿಸಿದೆ. ಬುಧವಾರ ಬಲಗಾಲೊಂದರ ಮೇಲೆ ನಿಲ್ಲಿಸಿದೆ, ಮೂವತ್ತು ಸೆಕೆಂಡು, ಮೂರು ಸಲ. ಗುರುವಾರ ಮರದ ಮೆಟ್ಟಿಲನ್ನು ಬಲಗಾಲಿನಿಂದಲೇ ಹತ್ತಿಸಿದೆ, ಹತ್ತು ಸಲ. ಇವತ್ತಿಗೂ ನಾನು ಎಣಿಸುವುದು ಆ ಹತ್ತನ್ನು. ಬಟ್ಟೆ ಒಗೆಯುವಾಗ, ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದಾಗ ಅದು ತಾನಾಗಿ ಶುರುವಾಗುತ್ತದೆ: ಒಂದು, ಎರಡು, ಮೂರು. ಏಳನೆಯದಕ್ಕೆ ಅವರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನೋಯ್ತದೆ ಮೇಡಂ.”

“ಸ್ವಲ್ಪ ನೋವು ಆಗಲೇಬೇಕು. ಸ್ನಾಯು ಎಚ್ಚರ ಆಗ್ತಿದೆ.”

“ಎಚ್ಚರ ಆಗಿದ್ದು ಸಾಕು, ಮಲಗಿಸ್ಬುಡಿ ಅದನ್ನ,” ಎಂದು ನಕ್ಕರು. ನಾನೂ ನಕ್ಕೆ. ಇನ್ನೂ ಮೂರಿದೆ ಎಂದೆ. ಹತ್ತಿದರು.

ಶುಕ್ರವಾರ ಹತ್ತೂವರೆಗೆ ಬಂದಾಗ ಮುಖ ಬಾಡಿತ್ತು. ಹಿಂದಿನ ರಾತ್ರಿ ಮಗ್ಗುಲು ಬದಲಿಸಲು ಆಗಲಿಲ್ಲವಂತೆ. ಇವತ್ತು ವ್ಯಾಯಾಮ ಬೇಡ, ಕರೆಂಟು ಮಾತ್ರ ಎಂದು ಮಲಗಿಸಿದೆ. ಸೆಲ್ವಿ ಟೀ ತಂದಳು. ನನಗೊಂದು ಲೋಟ, ಅವರಿಗೊಂದು. ಅವರ ಲೋಟದಲ್ಲಿದ್ದುದು ಕಪ್ಪಗಿತ್ತು.

“ಅಕ್ಕನಿಗೆ ವರ ಟೀ ಮೇಡಂ, ಹಾಲು ಹಾಕ್ಬಾರ್ದು. ಐದು ದಿನದಿಂದ ಇದೇ ಆರ್ಡರ್,” ಎಂದಳು ಸೆಲ್ವಿ.

“ಮನೇಲಿ ಅರ್ಧ ಲೀಟರ್ ಕುಡೀತಾರಲ್ಲ, ಇಲ್ಲಿ ಯಾಕೆ ಬೇಕು,” ಎಂದೆ ನಾನು ತಮಾಷೆಗೆ.

ಮುನಿರತ್ನಮ್ಮ ತಲೆ ಎತ್ತಿ ನೋಡಿದರು. “ಯಾರು, ನಾನಾ? ಹಾಲಾ? ನಾನು ಹಾಲು ಬಿಟ್ಟು ಮೂರೊರ್ಸ ಆಯ್ತಲ್ಲ ಮೇಡಂ.”

“ಫಾರ್ಮಲ್ಲಿ ನೀವೇ ಬರೆಸಿದ್ದೀರಿ. ಬೆಳಿಗ್ಗೆ ಮುನ್ನೂರು, ಸಾಯಂಕಾಲ ಇನ್ನೂರೈವತ್ತು.”

“ಅದು ಲೀಟ್ರು. ಊರಿನೋರ ಅತ್ರ ತಗೊಳ್ಳೋದು. ನಾನು ಹಾಲಿನ ಸಂಗದ ಸೆಕ್ರೆಟ್ರಿ ಅಲ್ವಾ? ಅಬ್ಬ ಬಂದ್ರೆ ಜನ ಮನೆಗೆ ಇಟ್ಕೊತಾರೆ, ಅದಕ್ಕೆ ಕಮ್ಮಿ. ನೀವು ತಗೊತೀರಾ ಅಂದ್ರಿ. ಕುಡೀತೀರಾ ಅಂತ ಎಲ್ಲಿ ಕೇಳಿದ್ರಿ?”

ಸೆಲ್ವಿ ಬಿದ್ದುಬಿದ್ದು ನಕ್ಕಳು. “ಮುನ್ನೂರು ಲೀಟರ್ ಕುಡಿದಿದ್ರೆ ಈ ಮಂಚ ತಾಂಗಾದು ಮೇಡಂ, ಮುರಿದೋಗ್ತಿತ್ತು.”

ನನಗೆ ನಗು ಬರಲಿಲ್ಲ. ಟೀ ಲೋಟ ಪಕ್ಕಕ್ಕಿಟ್ಟೆ. ಯಂತ್ರ ಆರಿಸಿ, ಸ್ಟೂಲ್ ಎಳೆದುಕೊಂಡು ಕೂತು, ಫಾರ್ಮು ಇಲ್ಲದೆ ಮೊದಲ ಸಲ ಮಾತಾಡಿಸಿದೆ.

ಮೂರು ವರ್ಷದ ಹಿಂದೆ ಅವರ ಮನೆಯ ಹಸು ಗಂಡುಗರು ಹಾಕಿತ್ತು. ಗಂಡುಗರುವಿಗೆ ಯಾರೂ ಹೊಟ್ಟೆ ತುಂಬ ಹಾಲು ಬಿಡುವುದಿಲ್ಲ. ಒಂಬತ್ತನೆಯ ದಿನ ಅದು ಸತ್ತಿತು. “ಅವತ್ತು ಬೆಳಿಗ್ಗೆ ಅದರ ಪಾಲಿನ ಹಾಲನ್ನ ನಾನೇ ಸಂಗಕ್ಕೆ ಅಳೆದು, ನನಗೆ ನಾನೇ ದುಡ್ಡಿನ ಚೀಟಿ ಅರ್ಕೊಂಡಿದ್ದೆ ಮೇಡಂ. ಮನೆಗೆ ಬಂದು ನೋಡಿದ್ರೆ ಕರು ಮಲಗಿತ್ತು. ಅವತ್ತಿಂದ ಹಾಲು, ಮೊಸರು, ಮಜ್ಜಿಗೆ, ತುಪ್ಪ ಒಂದೂ ಮುಟ್ಟಿಲ್ಲ.”

“ಮತ್ತೆ ಸಂಘದ ಕೆಲಸ?”

“ಊರಿನ ಹಾಲು ಊರಿಂದು. ಬಾಯಿ ನಂದು.”

ಇನ್ನಷ್ಟು ಕೇಳಿದೆ. ಬೆಳಿಗ್ಗೆ ಐದೂವರೆಗೆ ಸಂಘದ ಕೋಣೆ, ಹಗಲು ಕಂಪ್ಯೂಟರ್ ಮುಂದೆ, ಸಂಜೆ ಮತ್ತೆ ಸಂಘ. ಬಿಸಿಲು ಮೈಗೆ ಬೀಳುವುದೇ ಇಲ್ಲ. ಮೂವತ್ತಮೂರನೆಯ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿದ್ದರು. ಅಂಡಾಶಯ ಹೋದರೆ ಈಸ್ಟ್ರೋಜೆನ್ ಹೋಗುತ್ತದೆ. ಹೆಂಗಸರ ಮೂಳೆಯನ್ನು ಕಾಯುವ ಹಾರ್ಮೋನು ಅದು. ನನ್ನ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಇದ್ಯಾವುದೂ ಇರಲಿಲ್ಲ.

ಕೂಡಲೇ ಪಕ್ಕದ ಕೋಣೆಯಲ್ಲಿ ಸೊಂಟದ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಹನ್ನೆರಡಕ್ಕೆ ಬರುತ್ತಾರೆ, ಕಾಯಿರಿ ಎಂದೆ. “ಬಂಗಾರಪೇಟೆಯಾಗೆ ಮೀಟಿಂಗ್ ಐತೆ ಮೇಡಂ, ಸೆಕ್ರೆಟ್ರಿಗಳೆಲ್ಲ ಬತ್ತಾರೆ. ಸೋಮವಾರ ಬಂದು ಕೇಳ್ತೀನಿ,” ಎಂದು ಚೀಲ ತೋಳಿಗೆ ಹಾಕಿಕೊಂಡರು. ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಹುಷಾರಾಗಿ ಹೋಗಿ ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟೆ. ವಾಲುತ್ತ ಹೋಗಿ ಸ್ಟೇಷನ್ನಿನ ಆಟೋ ಹತ್ತಿದರು.

ಹನ್ನೆರಡಕ್ಕೆ ಡಾಕ್ಟರು ಬಂದರು. ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಪೇಷೆಂಟ್ ಎಲ್ಲಿ?”

“ಬಂಗಾರಪೇಟೆಗೆ ಹೋದರು ಸರ್, ಮೀಟಿಂಗಿಗೆ.”

“ನಡ್ಕೊಂಡಾ?” ಎಂದರು. ನಾನು ಫಿಲ್ಮಿನ ಹತ್ತಿರ ಹೋಗಿ ನೋಡಿದೆ.

ತೊಡೆಮೂಳೆ ಮೇಲ್ಗಡೆ ಬಾಗಿ, ಸಣ್ಣ ಕತ್ತಾಗಿ, ತುದಿಯಲ್ಲಿ ಚೆಂಡಾಗಿ ಸೊಂಟದ ಗುಳಿಯಲ್ಲಿ ಕೂರುತ್ತದೆ. ಆ ಕತ್ತಿನ ಒಳ ಅಂಚಿನಿಂದ ಬಿರುಕೊಂದು ಹೊರಟು ಅರ್ಧಕ್ಕಿಂತ ಹೆಚ್ಚು ದಾಟಿತ್ತು. ಮೂಳೆ ಮೆತ್ತಗಾಗಿದ್ದರಿಂದ ಬಿದ್ದು ಏಟಾಗದೆಯೇ ತಾನಾಗಿ ಮೂಡಿದ ಬಿರುಕು. “ಸದ್ಯಕ್ಕೆ ಮೂಳೆ ಜಾಗದಲ್ಲೇ ಕೂತ್ಕೊಂಡಿದೆ. ಒಂದು ಸಲ ಎಡವಿದ್ರೂ, ಒಂದು ಕಡೆ ಧುಮುಕಿದ್ರೂ ಪೂರ್ತಿ ತುಂಡಾಗುತ್ತೆ. ತುಂಡಾಗಿ ಜಾರಿದ್ರೆ ಚೆಂಡಿಗೆ ರಕ್ತ ಹೋಗೋದು ನಿಲ್ಲಬಹುದು. ನಲವತ್ತೊಂದು ವರ್ಷಕ್ಕೆ ಸೊಂಟದ ಕೀಲು ಬದಲಾಯಿಸೋ ಹಾಗಾಗುತ್ತೆ,” ಎಂದರು ಡಾಕ್ಟರು. “ಒಂದು ಹೆಜ್ಜೆ ಊರಬಾರದು ಆಕೆ. ಹೋಗಿ, ಹಿಡೀರಿ.”

ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅದು ಸಂಘದ ಫೋನು. ಯಾರೋ ಗಂಡಸು ಎತ್ತಿ, “ಸೆಕ್ರೆಟ್ರಮ್ಮ ಬಂಗಾರಪೇಟೆಗೆ ಓಗವ್ರೆ. ಸಾಯಂಕಾಲ ಹಾಲಿನ ಟೈಮಿಗೆ ಸಿಗ್ತಾರೆ,” ಎಂದು ಇಟ್ಟುಬಿಟ್ಟ. ಅವರು ಹತ್ತಿದ ರೈಲು ಆಗಲೇ ಕೋರಮಂಡಲ್ ಸ್ಟೇಷನ್ ಬಿಟ್ಟಿರಬೇಕು. ನಾನು ಸ್ಕೂಟರ್ ತೆಗೆದೆ. ಸೆಲ್ವಿ ಕೇಳದೆಯೇ ಹಿಂದೆ ಹತ್ತಿದಳು, ಕಂಕುಳಿಗೆ ಊರಿಕೊಳ್ಳುವ ಒಂದು ಜೊತೆ ಊರುಗೋಲನ್ನು ಅಡ್ಡಡ್ಡ ಹಿಡಿದುಕೊಂಡು.

ಕೆಜಿಎಫ್‌ನಿಂದ ಬಂಗಾರಪೇಟೆಯ ಆ ದಾರಿಯಲ್ಲಿ ನಾನು ಸಾವಿರಾರು ಸಲ ಓಡಾಡಿದ್ದೇನೆ. ಅವತ್ತಿನ ಹಾಗೆ ಎಂದೂ ಓಡಿಸಿಲ್ಲ. ಟೊಮೆಟೊ ಕ್ರೇಟು ತುಂಬಿದ ಗಾಡಿಗಳು, ಹುಲ್ಲಿನ ಹೊರೆ ಹೊತ್ತ ಬೈಕು, ಎದುರಿಗೆ ಬಸ್ಸು. ಸೆಲ್ವಿ ಊರುಗೋಲನ್ನು ಈಟಿಯ ಹಾಗೆ ಮುಂದಕ್ಕೆ ಚಾಚಿ, “ತಳ್ಳುಂಗೊ, ಜರಗಂಡಿ, ದಾರಿ ಬಿಡ್ರಪ್ಪಾ,” ಎಂದು ಮೂರು ಭಾಷೆಯಲ್ಲಿ ಕೂಗುತ್ತಿದ್ದಳು. ಒಬ್ಬ ಬೈಕಿನವನು, “ಏನಮ್ಮಾ, ಯಾರ್ನ ಒಡೆಯಕ್ಕೆ ಓಗ್ತಿದ್ದೀಯ,” ಎಂದು ಕೇಳಿಯೇಬಿಟ್ಟ. ನನ್ನ ತಲೆಯಲ್ಲಿ ಮಾತ್ರ ಮೆಟ್ಟಿಲಿನ ಎಣಿಕೆ. ಈ ಬಿರುಕಿನಲ್ಲಿ ಎಷ್ಟು ಭಾಗ ಮುಂಚಿನದು, ಎಷ್ಟು ಗುರುವಾರದ್ದು?

ಸ್ಟೇಷನ್ ಮುಂದೆ ಸ್ಕೂಟರ್ ಎಸೆದಂತೆ ನಿಲ್ಲಿಸಿ ಒಳಗೆ ಓಡಿದೆವು. ರೈಲು ಬಂದು ಆಚೆ ಪ್ಲಾಟ್‌ಫಾರ್ಮಿನಲ್ಲಿ ಜನರನ್ನು ಇಳಿಸಿ ಖಾಲಿಯಾಗಿತ್ತು. ಈಚೆ ಬರಬೇಕಾದರೆ ಮೇಲ್ಸೇತುವೆ ಹತ್ತಿ ಇಳಿಯಬೇಕು. ಅದು ಬೇಡವೆಂದು ಕೆಲವರು ಪ್ಲಾಟ್‌ಫಾರ್ಮಿನ ಅಂಚಿನಿಂದ ಹಳಿಗೆ ಧುಮುಕಿ ದಾಟುತ್ತಾರೆ. ಮಾಡಬಾರದ ಕೆಲಸ, ಆದರೂ ಮಾಡುತ್ತಾರೆ. ಮೇಲ್ಸೇತುವೆಯ ಮೆಟ್ಟಿಲ ಮೇಲೆ ಮುನಿರತ್ನಮ್ಮ ಇರಲಿಲ್ಲ. ಕಣ್ಣಾಡಿಸಿದೆ. ಹಳಿಗಳಾಚೆ, ನಮಗೆ ಸರಿಯಾಗಿ ಎದುರಿಗೆ, ಅಂಚಿನಲ್ಲಿ ನಿಂತಿದ್ದರು. ಮೆಟ್ಟಿಲು ಹತ್ತಲಾರದೆ ಹಳಿ ದಾಟಲು ಹೊರಟಿದ್ದರು. ಕೆಳಗಿಳಿದಿದ್ದ ಹೆಂಗಸೊಬ್ಬಳು ಇವರ ಚೀಲ ಇಸಿದುಕೊಂಡು ಕೈ ಚಾಚಿದ್ದಳು. ಇವರು ಸೆರಗು ಸಿಕ್ಕಿಸಿ, ಬಗ್ಗಿ, ಒಂದು ಕಾಲನ್ನು ಅಂಚಿನಾಚೆ ಎತ್ತುತ್ತಿದ್ದರು.

“ಮುನಿರತ್ನಮ್ಮಾ, ಇಳೀಬೇಡಿ,” ಎಂದು ಕಿರುಚಿದೆ. ಧ್ವನಿವರ್ಧಕ ಯಾವುದೋ ರೈಲಿನ ಹೆಸರು ಹೇಳುತ್ತಿತ್ತು. ಅವರು ತಲೆಯೆತ್ತಲಿಲ್ಲ. ಮತ್ತೆ ಕೂಗಿದೆ. ನಿಲ್ಲಿ, ಬೇಡ, ಇಳೀಬೇಡಿ: ಸ್ಟೇಷನ್ನಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಯಾರು ಕೇಳುತ್ತಾರೆ?

ಸೆಲ್ವಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಊರುಗೋಲುಗಳನ್ನು ಕೆಳಗಿಟ್ಟು, ಎರಡೂ ಕೈ ಬಾಯಿಗೆ ಹಿಡಿದು, ಗಣಿ ಲೈನಿನ ನಲ್ಲಿಯ ಹತ್ತಿರ ಬೆಳೆದ ಗಂಟಲಿನಲ್ಲಿ ಕೂಗಿದಳು: “ಸೆಕ್ರೆಟ್ರಮ್ಮಾ, ಸಂಗದ ಹಾಲು ಒಡೆದೋಯ್ತು.”

ಮುನಿರತ್ನಮ್ಮ ಹಾಗೇ ನಿಂತರು. ಎತ್ತಿದ ಕಾಲು ಮತ್ತೆ ಪ್ಲಾಟ್‌ಫಾರ್ಮಿನ ಮೇಲೆ ಬಂತು. ನೆಟ್ಟಗಾಗಿ ನಮ್ಮ ಕಡೆ ನೋಡಿ, “ಯಾವ ಹಾಲು? ಬೆಳಗಿಂದಾ?” ಎಂದು ಆಚೆಯಿಂದ ಕೂಗಿದರು.

“ಅಲ್ಲೇ ಕೂತ್ಕೊಳ್ಳಿ, ಬಂದು ಹೇಳ್ತೀವಿ,” ಎಂದು ಸೆಲ್ವಿ ಕೂಗುತ್ತಿದ್ದಂತೆ ನಾನು ಸೇತುವೆ ಹತ್ತಿ ಓಡಿದೆ. ಹೋಗುವಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದರು. ಸೆಲ್ವಿ ಊರುಗೋಲುಗಳೊಡನೆ ಏದುಸಿರು ಬಿಡುತ್ತ ಬಂದಳು. ನಾನು ಅವರ ಮುಂದೆ ನೆಲದಲ್ಲೇ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಡೆದಿರುವುದು ಹಾಲಲ್ಲ, ಮೂಳೆ ಎಂದೆ.

“ಅದಕ್ಕೆ ಇಂಗೆ ಸುಳ್ಳು ಏಳ್ತಾರಾ? ನನ್ ಎದೆ ಒಡೆದೋಯ್ತು,” ಎಂದು ಬೈದರು.

“ಎದೆ ಒಡೆದ್ರೆ ಒಟ್ಟಿಸ್ಬೋದು ಅಕ್ಕಾ. ಸೊಂಟ ಕಷ್ಟಂ,” ಎಂದಳು ಸೆಲ್ವಿ.

ರೈಲ್ವೆಯವರ ಗಾಲಿಕುರ್ಚಿ ಸಿಕ್ಕಿತು. ಆಂಬುಲೆನ್ಸಿನಲ್ಲಿ ಕೋಲಾರದ ದೊಡ್ಡ ಆಸ್ಪತ್ರೆಗೆ ಹೋದೆವು. ಬಿರುಕು ಇನ್ನೂ ಜಾರಿರಲಿಲ್ಲ. ಮರುದಿನ ಮೂರು ಸ್ಕ್ರೂ ಹಾಕಿ ಬಿಗಿದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 6 ಇತ್ತು, ಇಪ್ಪತ್ತಾದರೂ ಇರಬೇಕಾದದ್ದು. ಬಿ12 ಕೂಡ ಕಡಿಮೆ.

ಮೂರನೆಯ ದಿನ ನೋಡಲು ಹೋದಾಗ ವಾರ್ಡಿನಲ್ಲಿ ಜಗಳ ನಡೆದಿತ್ತು. ಮುನಿರತ್ನಮ್ಮನವರ ಅತ್ತೆ ಒಂದು ಲೋಟ ಹಾಲು ಹಿಡಿದು ಮಂಚದ ಪಕ್ಕ ನಿಂತಿದ್ದರು. ನನ್ನನ್ನು ಕಂಡವರೇ, “ನೀನಾದ್ರೂ ಏಳಮ್ಮಾ ಇವಳಿಗೆ. ಊರ ಹಾಲೆಲ್ಲ ಅಳೆಯೋಳಿಗೆ ಒಂದು ಲೋಟಕ್ಕೆ ಗತಿ ಇಲ್ವಾ ಅಂತ ಜನ ನನ್ನ ಆಡ್ಕೊಂತಾರೆ,” ಎಂದರು. ಮುನಿರತ್ನಮ್ಮ ಗೋಡೆ ಕಡೆ ಮುಖ ಮಾಡಿದ್ದರು. “ಮೇಡಂ, ನೀವೂ ಕುಡಿ ಅಂದ್ರೆ ಕುಡೀತೀನಿ. ಆದ್ರೆ ಗಂಟಲಲ್ಲಿ ಇಳಿಯಾಕಿಲ್ಲ,” ಎಂದರು.

ಕುಡಿಯಿರಿ ಎಂದುಬಿಡುವುದು ನನಗೆ ಸುಲಭವಿತ್ತು. ನನ್ನ ತಪ್ಪೂ ಆ ಲೋಟದಡಿ ಮುಚ್ಚಿಹೋಗುತ್ತಿತ್ತು. ಆಸ್ಪತ್ರೆಯ ಡಾಕ್ಟರನ್ನು ಹುಡುಕಿ, ಹಾಲಿಲ್ಲದೆ ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ, ಆದರೆ ತಾನಾಗಿ ಆಗುವುದಿಲ್ಲ ಎಂದರು. “ಪ್ರಾಣಿಯಿಂದ ಬಂದದ್ದು ಏನೂ ತಿನ್ನದೆ ಇರೋದಕ್ಕೆ ವೀಗನ್ ಅಂತಾರೆ. ಪೇಟೆಯವರು ಪುಸ್ತಕ ಓದಿ, ಮಾತ್ರೆ ತಗೊಂಡು ಹಾಲು ಬಿಡ್ತಾರೆ. ಈಕೆ ದುಃಖಕ್ಕೆ ಬಿಟ್ಟಿದ್ದಾರೆ. ಬಿಟ್ಟದ್ದರ ಜಾಗದಲ್ಲಿ ಏನಿಡಬೇಕು ಅಂತ ಯಾರೂ ಹೇಳಿಲ್ಲ. ಅಂಡಾಶಯ ಇಲ್ಲ, ಬಿಸಿಲಿಲ್ಲ. ಹಾಲೊಂದನ್ನೇ ದೂರಬೇಡಿ.”

ವಾರ್ಡಿಗೆ ಮರಳಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರು ಹೇಳಿದ್ದನ್ನು ವಿವರಿಸಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಮೈಗೆ ಪೂರ್ತಿ ಹತ್ತಗೊಡುವುದಿಲ್ಲ. ನೆನೆಸಿ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ವಾಸಿ. ಹುರುಳಿ, ಎಳ್ಳು, ನುಗ್ಗೆಸೊಪ್ಪು, ಸೋಯಾ ದಿನದ ಊಟಕ್ಕೆ ಬರಬೇಕು. ಬಿ12 ಸೊಪ್ಪು ಕಾಳಿನಿಂದ ಸಿಗುವುದಿಲ್ಲ, ಮಾತ್ರೆಯೇ ಗತಿ. ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದು ವಿಟಮಿನ್ ಡಿ ಪುಡಿ. ಹಾಲಿನಲ್ಲಿ ಕಲಸಿ ಕುಡಿಯಿರಿ ಎಂದು ನರ್ಸು ಹೇಳಿಹೋಗಿದ್ದರು. ನೀರಿನಲ್ಲೂ ಆಗುತ್ತದೆ, ಊಟದ ಜೊತೆ ತಗೊಳ್ಳಿ ಎಂದೆ.

“ಈ ಡಿ ಪುಡಿನ ಯಾವುದರಿಂದ ಮಾಡ್ತಾರೆ?” ಎಂದು ಕೇಳಿದರು ಮುನಿರತ್ನಮ್ಮ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಎಂದೆ. “ಉಣ್ಣೆ ಕತ್ರಿಸಿದ್ರೆ ತಿರ್ಗ ಬೆಳೀತದೆ. ಮರಿ ಬಾಯಿಂದ ಕಿತ್ಕೊಂಡಿದ್ದಲ್ಲ. ಆಗ್ಲಿ,” ಎಂದರು. ಅತ್ತೆ ಗೊಣಗುತ್ತ ಆ ಹಾಲನ್ನು ತಾವೇ ಕುಡಿದರು.

ಆರು ವಾರ ಬಲಗಾಲಿನ ಮೇಲೆ ಭಾರ ಹಾಕುವಂತಿರಲಿಲ್ಲ. ಮೂರು ತಿಂಗಳಾದ ಮೇಲೆ ಹೊಸ ಎಕ್ಸ್‌ರೇಯಲ್ಲಿ ಬಿರುಕು ಕೂಡಿಕೊಂಡದ್ದು ಕಂಡಿತು. ಡಾಕ್ಟರು ಪೂರ್ತಿ ಭಾರ ಹಾಕಿಸಿ ಎಂದು ಬರೆದು ನನ್ನ ಕೋಣೆಗೇ ಕಳಿಸಿದರು.

ಅಷ್ಟರಲ್ಲಿ ಆ ಫಾರ್ಮುಗಳನ್ನೆಲ್ಲ ನಾನು ಹರಿದುಹಾಕಿದ್ದೆ. ಈಗ ಯಾರು ಬಂದರೂ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಏನೇನು ಹೋಯಿತು ಹೇಳಿ ಎನ್ನುತ್ತೇನೆ. ಹೆಂಗಸರಾದರೆ ಮುಟ್ಟು ಯಾವಾಗ ನಿಂತಿತು, ಹೇಗೆ ನಿಂತಿತು ಎಂದೂ ಕೇಳುತ್ತೇನೆ. ಹೇಳಿದ್ದು ನನಗೆ ಹೇಗೆ ಅರ್ಥವಾಯಿತೆಂದು ಅವರಿಗೇ ತಿರುಗಿ ಹೇಳಿ, ಹೌದೆಂದ ಮೇಲೆಯೇ ಬರೆಯುತ್ತೇನೆ. ನಮ್ಮ ಕೆಲಸದಲ್ಲಿ ಕೈ ತಪ್ಪುವುದಕ್ಕಿಂತ ಮುಂಚೆ ಕಿವಿ ತಪ್ಪಿರುತ್ತದೆ ಎಂಬುದು ನಾನು ಕಲಿತ ಪಾಠ. ತಡವಾಗಿ ಕಲಿತೆ. ನನಗೆ ಅದನ್ನು ಕಲಿಸಲು ಒಬ್ಬ ಹೆಂಗಸಿನ ಕಾಲು ಪ್ಲಾಟ್‌ಫಾರ್ಮಿನ ಅಂಚಿನಾಚೆ ಗಾಳಿಯಲ್ಲಿ ನಿಲ್ಲಬೇಕಾಯಿತು.

ಜೋಡಿ ಕಂಬಿಯ ನಡುವೆ ಅವರನ್ನು ನಿಲ್ಲಿಸಿ, ಬಲಗಾಲಿನ ಮೇಲೆ ನಿಲ್ಲಿ ಎನ್ನಬೇಕಿತ್ತು. ಅವರ ಸೊಂಟ ಹಿಡಿದಿದ್ದ ನನ್ನ ಕೈ ನಡುಗುತ್ತಿತ್ತು.

“ಮೇಡಂ, ಕಾಲು ನಂದು, ನಡುಕ ನಿಮ್ದಾ?” ಎಂದು ಅವರೇ ಎಡಗಾಲು ಎತ್ತಿದರು. ಬಲಗಾಲು ನಿಂತಿತು. ಐದು ಸೆಕೆಂಡು, ಹತ್ತು.

“ನೋವಿದೆಯಾ?” ಎಂದು ಕೇಳಿದೆ.

“ಯಾವ ನೋವು ಕೇಳ್ತಿದ್ದೀರಾ, ಅದ್ನ ಮೊದ್ಲು ಬಿಡಿಸಿ ಏಳಿ,” ಎಂದರು ಮುನಿರತ್ನಮ್ಮ, ಕಾಲು ಇಳಿಸದೆ. “ಆಮೇಲೆ ಉತ್ತರ ಏಳ್ತೀನಿ.”

ಮೈಭಾರ ಬಲಗಾಲಿನ ಮೇಲೆ ಬಿದ್ದಾಗ ತೊಡೆಸಂದಿಯಲ್ಲಿ ನೋಯುತ್ತದೆಯೇ ಎಂದು ನಾನು ಬಿಡಿಸಿ ಕೇಳಿದೆ.